ಐದು ಎಂಬಿಯೊಳಗಿನ ಭೋಜ ಮಾಸ್ಟ್ರು

ಕಟಪಾಡಿ ಜಂಕ್ಷನ್ನಿನಲ್ಲಿ ಮೊಬೈಲ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನನ್ನದೊಂದು ಡಿಟಿಪಿ ಸೆಂಟರ್ ಇದೆ. ಬೋರ್ಡಿನಲ್ಲಿ ಟೈಪಿಂಗ್, ಜೆರಾಕ್ಸ್, ಲ್ಯಾಮಿನೇಶನ್ ಎಂದು ಬರೆಸಿದ್ದೇನೆ. ಆದರೆ ಜನ ನನ್ನನ್ನು ಹುಡುಕಿಕೊಂಡು ಮೆಟ್ಟಿಲು ಹತ್ತುವುದು ಬೋರ್ಡಿನಲ್ಲಿಲ್ಲದ ಒಂದು ಕೆಲಸಕ್ಕೆ. ಅವರು ಉಬ್ಬಿಸಿಟ್ಟ ವರ್ಡ್ ಫೈಲನ್ನು ನಾನು ಇಳಿಸಿಕೊಡಬೇಕು. ಮಣಿಪಾಲದ ಹಾಸ್ಟೆಲ್ ಮಕ್ಕಳು ಕಾಲೇಜಿನ ಲಾಂಛನವನ್ನು ಪುಟಪುಟಕ್ಕೂ ಅಂಟಿಸಿ, ಮೂವತ್ತು ಪುಟದ ವರದಿಯನ್ನು ಇಡೀ ಸಿನಿಮಾದಷ್ಟು ದೊಡ್ಡದು ಮಾಡಿ ತರುತ್ತಾರೆ. ದೊಡ್ಡವರು ಚಿತ್ರದ ಮೂಲೆ ಹಿಡಿದು ಒಳಗೆ ತಳ್ಳಿ, ಅಂಚೆಚೀಟಿಯಷ್ಟು ಮಾಡಿ, ಫೈಲು ಯಾಕೆ ಇಳಿಯಲಿಲ್ಲ ಎಂದು ನನ್ನ ಮೇಲೆಯೇ ಸಿಟ್ಟಾಗುತ್ತಾರೆ. ಹಾಗೆ ತಳ್ಳಿದರೆ ಚಿತ್ರ ಕಣ್ಣಿಗೆ ಮಾತ್ರ ಸಣ್ಣದಾಗುತ್ತದೆ, ಫೈಲಿನೊಳಗೆ ಅದು ಮೊದಲಿನಷ್ಟೇ ದಪ್ಪಗೆ ಕುಳಿತಿರುತ್ತದೆ. ಇದನ್ನು ನಾನು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ, ಯಾರೂ ನಂಬುವುದಿಲ್ಲ.

ಭೋಜ ಮಾಸ್ಟ್ರು ಬಂದದ್ದು ಒಂದು ಬುಧವಾರ. ಕಾಪುವಿನಲ್ಲಿ ನಾನು ಕಲಿತ ಶಾಲೆಯ ಪಿ.ಟಿ. ಮಾಸ್ಟ್ರು ಅವರು, ನಿವೃತ್ತರಾಗಿ ಎರಡು ವರ್ಷವಾಗಿತ್ತು. ಪ್ರತಿ ಬೇಸಗೆ ರಜೆಯಲ್ಲಿ ಊರಿನ ಕೆರೆಯಲ್ಲಿ ಮಕ್ಕಳಿಗೆ ಉಚಿತ ಈಜು ಶಿಬಿರ ನಡೆಸಿದವರು. ಹದಿನೆಂಟು ವರ್ಷ, ಸಾವಿರಕ್ಕೂ ಮಿಕ್ಕಿ ಮಕ್ಕಳು. ಅದಕ್ಕಾಗಿ ಅವರಿಗೆ ಆದ ಸನ್ಮಾನಗಳ ಶಾಲುಗಳನ್ನು ಹೊಲಿದು ಜೋಡಿಸಿದರೆ ಕೆರೆಗೇ ಹೊದೆಸಬಹುದು. ಈಗ ಮಣಿಪಾಲದ ಯಾವುದೋ ಪ್ರತಿಷ್ಠಾನ ‘ಜೀವಮಾನದ ಸೇವೆ’ಗೆ ಪ್ರಶಸ್ತಿ ಕೊಡುತ್ತದಂತೆ. ಅರ್ಜಿ, ಬಯೋಡೇಟಾ, ಫೋಟೋ ಎಲ್ಲ ಒಂದೇ ವರ್ಡ್ ಫೈಲಿನಲ್ಲಿರಬೇಕು, ಐದು ಎಂಬಿ ಮೀರಬಾರದು, ಶುಕ್ರವಾರ ಸಂಜೆ ಐದಕ್ಕೆ ಕೊನೆ.

"ಮೂರು ಸಲ ಕಳಿಸಿದೆ ಮಾರಾಯ್ತಿ, ಮೂರು ಸಲವೂ ವಾಪಸ್ ಬಂತು," ಎನ್ನುತ್ತ ಪೆನ್‌ಡ್ರೈವ್ ಮೇಜಿನ ಮೇಲಿಟ್ಟರು. "ಫೋಟೋಗಳನ್ನೆಲ್ಲ ಕತ್ತರಿಸಿ ಅರ್ಧ ಮಾಡಿದ್ದೇನೆ. ಆದರೂ ದೊಡ್ಡದು ಅಂತದೆ. ಎಂತ ಮಾಡುವುದು?"

ತೆರೆದು ನೋಡಿದೆ. ನೂರ ಎಪ್ಪತ್ತೆರಡು ಎಂಬಿ. ಗಲ್ಫಿನಿಂದ ರಜೆಗೆ ಬರುತ್ತಿದ್ದ ಹಳೆ ವಿದ್ಯಾರ್ಥಿ ವಿಕಾಸ್ ತನ್ನ ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಇಪ್ಪತ್ತೆರಡು ಫೋಟೋಗಳು. ಸಾಲದ್ದಕ್ಕೆ, ಚಿತ್ರದ ಗುಣಮಟ್ಟ ಇಳಿಸಬೇಡ ಎನ್ನುವ ಚೌಕಕ್ಕೆ ಮಾಸ್ಟ್ರು ಟಿಕ್ ಹಾಕಿದ್ದರು. ಗುಣಮಟ್ಟ ಎಂಬ ಶಬ್ದ ಕಂಡಲ್ಲಿ ಟಿಕ್ ಹಾಕದೆ ಮುಂದೆ ಹೋದ ಮಾಸ್ಟ್ರನ್ನು ನಾನಿನ್ನೂ ನೋಡಿಲ್ಲ.

ಎಲ್ಲ ಫೋಟೋಗಳ ನಮೂನೆಯೂ ಒಂದೇ. ಎಡಗಡೆ ಕೆರೆಯ ದಂಡೆಯಲ್ಲಿ ಇಸ್ತ್ರಿ ಮುರಿಯದ ಬಿಳಿ ಪ್ಯಾಂಟಿನಲ್ಲಿ ಭೋಜ ಮಾಸ್ಟ್ರು, ಬಾಯಿಯಲ್ಲಿ ಸೀಟಿ. ನಡುವೆ ನೀರಿನಲ್ಲಿ ಕೈಕಾಲು ಬಡಿಯುವ ಒಂದು ಮಗು. ಮಗುವಿನ ಹೊಟ್ಟೆಯ ಕೆಳಗೆ ಒಂದು ಕೈ, ಮಣಿಕಟ್ಟಿಗೆ ಕಪ್ಪು ದಾರ. ಮೊಣಕೈಯ ಹತ್ತಿರ ಫೋಟೋ ಮುಗಿಯುತ್ತದೆ. ಆ ಕೈಯನ್ನು ಪೂರ್ತಿ ಕತ್ತರಿಸಲು ಅವರಿಗೆ ಆಗಿರಲಿಲ್ಲ. ಕತ್ತರಿಸಿದ್ದರೆ ಮಗುವೂ ಹೋಗುತ್ತಿತ್ತು.

ಆ ಕೈ ಯಾರದೆಂದು ನನಗೆ ಹೇಳಿಕೊಡುವುದು ಬೇಡ. ಹನ್ನೆರಡನೇ ವಯಸ್ಸಿನಲ್ಲಿ ಅದೇ ಕೈಯ ಮೇಲೆ ನಾನೂ ತೇಲಿದವಳು. ಸುಗಂಧಿಯಕ್ಕ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು, ಕಾಪು ಕಡಲಬದಿಯ ಮನೆಯವರು. ಭೋಜ ಮಾಸ್ಟ್ರು ಶಿಬಿರಕ್ಕೆ ಪರವಾನಗಿ ತರುತ್ತಿದ್ದರು, ಬ್ಯಾನರ್ ಕಟ್ಟಿಸುತ್ತಿದ್ದರು, ಹಾಜರಿ ಕರೆಯುತ್ತಿದ್ದರು, ಸೀಟಿ ಊದುತ್ತಿದ್ದರು. ನೀರಿಗೆ ಇಳಿಯುತ್ತಿದ್ದದ್ದು ಸುಗಂಧಿಯಕ್ಕ. ಮಾಸ್ಟ್ರಿಗೆ ಈಜು ಬರುವುದಿಲ್ಲ ಎಂಬುದು ಎಲ್ಲ ಮಕ್ಕಳಿಗೂ ಗೊತ್ತಿತ್ತು. ಮಾಸ್ಟ್ರಲ್ಲವಾ, ಯಾರು ಹೇಳುತ್ತಾರೆ?

ನನಗೆ ಸಿಟ್ಟು ಬಂದದ್ದಕ್ಕೆ ಇನ್ನೊಂದು ಕಾರಣವಿತ್ತು. ಎರಡು ದಿನದ ಹಿಂದೆ ಸುಗಂಧಿಯಕ್ಕ ಇದೇ ಕುರ್ಚಿಯಲ್ಲಿ ಕುಳಿತು ಒಂದು ಅರ್ಜಿ ಟೈಪು ಮಾಡಿಸಿದ್ದರು. ಕಾರ್ಕಳದಲ್ಲಿ ಹೊಸದಾಗಿ ಶುರುವಾಗುವ ಈಜುಕೊಳಕ್ಕೆ ಹೆಂಗಸರಿಗೂ ಮಕ್ಕಳಿಗೂ ಕಲಿಸುವವರು ಬೇಕಾಗಿತ್ತು. ‘ಅನುಭವಕ್ಕೆ ಪುರಾವೆಯಾಗಿ ಛಾಯಾಚಿತ್ರ’ ಎಂಬಲ್ಲಿಗೆ ಬಂದಾಗ ಅವರು ನಕ್ಕಿದ್ದರು. "ನೀರಲ್ಲಿ ಇದ್ದವಳ ಹತ್ತಿರ ಫೋನ್ ಎಲ್ಲಿಂದ ಮಗಾ? ಶಿಬಿರದ ಸರ್ಟಿಫಿಕೇಟಿನಲ್ಲಿಯೂ ನನ್ನ ಹೆಸರು ಇಲ್ಲ. ಬಾಯಿಮಾತಿಗೆ ಯಾರು ಕೆಲಸ ಕೊಡ್ತಾರೆ, ಬಿಡು." ಐವತ್ತರ ಹತ್ತಿರದ ಹೆಂಗಸು, ಜೀವನದಲ್ಲಿ ಮೊದಲ ಸಲ ತಾವು ಬಲ್ಲ ಕೆಲಸವನ್ನು ಕೇಳಿಕೊಂಡು ಹೊರಟವರು, ಆ ಅರ್ಜಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗಿದ್ದರು.

ನಾನು ಮೊದಲ ಫೋಟೋದ ಮೇಲೆ ಮೌಸ್ ಒತ್ತಿ, ಚಿತ್ರವನ್ನು ಮೊದಲಿನಂತೆ ಮಾಡು ಎಂದೆ. ಬಲಗಡೆಯಿಂದ ಸುಗಂಧಿಯಕ್ಕ ಬಂದರು, ಕುತ್ತಿಗೆವರೆಗೆ ನೀರಿನಲ್ಲಿ, ಬಾಯಿ ತುಂಬ ನಗು.

ಮಾಸ್ಟ್ರು ಕನ್ನಡಕ ಸರಿಮಾಡಿಕೊಂಡರು. "ಇದು ಎಲ್ಲಿಂದ ಬಂತು? ನಾನು ತೆಗೆದಿದ್ದೆನಲ್ಲ."

"ತೆಗೆದದ್ದಲ್ಲ ಮಾಸ್ಟ್ರೆ, ಮುಚ್ಚಿದ್ದು. ವರ್ಡಿನಲ್ಲಿ ಕತ್ತರಿಸಿದ ಭಾಗ ಫೈಲಿನೊಳಗೇ ಇರ್ತದೆ. ಅದಕ್ಕೇ ಇಷ್ಟು ಭಾರ. ಫೈಲು ಸಿಕ್ಕಿದವರು ಯಾರಾದರೂ ಹೀಗೆ ಒಂದು ಸಲ ಒತ್ತಿದರೆ ಸಾಕು."

ಅವರ ಮುಖದ ಬಣ್ಣ ಇಳಿಯಿತು. ಮೂರು ಸಲ ಫೈಲನ್ನು ವಾಪಸ್ ಕಳಿಸಿದ ಆ ಐದು ಎಂಬಿ ನಿಯಮಕ್ಕೆ ಅವರು ಆ ಕ್ಷಣ ಮನಸ್ಸಿನಲ್ಲೇ ಕೈಮುಗಿದಿರಬೇಕು. "ಪೂರ್ತಿ ತೆಗೆಯಲಿಕ್ಕೆ ಆಗ್ತದಾ?" ಎಂದರು.

"ಆಗ್ತದೆ. ಕತ್ತರಿಸಿದ್ದನ್ನು ಅಳಿಸು ಅಂತ ಒಂದು ಕಡೆ ಟಿಕ್ ಹಾಕಿದರೆ ಆಯ್ತು. ಆಮೇಲೆ ದೇವರು ಬಂದರೂ ತರಲಿಕ್ಕೆ ಆಗುವುದಿಲ್ಲ. ಮೂಲ ಫೋಟೋಗಳು ಉಂಟಲ್ವಾ ನಿಮ್ಮ ಹತ್ತಿರ?"

"ಇಲ್ಲ. ಇದಕ್ಕೆ ಹಾಕಿ ಆದ ಮೇಲೆ ಲ್ಯಾಪ್‌ಟಾಪಿನಿಂದ ತೆಗೆದೆ, ಜಾಗ ಸಾಲಲಿಲ್ಲ. ವಿಕಾಸನದ್ದು ಆ ಹಾರ್ಡ್‌ಡಿಸ್ಕೇ ಹಾಳಾಗಿದೆಯಂತೆ."

ಹಾಗಾದರೆ ಹದಿನೆಂಟು ವರ್ಷ ನೀರಿನಲ್ಲಿ ನಿಂತ ಒಬ್ಬ ಹೆಂಗಸು ಲೋಕದಲ್ಲಿ ಉಳಿದಿದ್ದದ್ದು ಈ ಫೈಲಿನ ಮುಚ್ಚಿದ ಭಾಗದಲ್ಲಿ ಮಾತ್ರ. ನಾನು ಸಾಧ್ಯವಾದಷ್ಟು ಸಣ್ಣ ಸ್ವರದಲ್ಲಿ ಕೇಳಿದೆ, "ಕತ್ತರಿಸಿದ ಭಾಗವನ್ನು ನಾನು ಇಟ್ಟುಕೊಳ್ಳಬಹುದಾ ಮಾಸ್ಟ್ರೆ?"

"ಅದು ವೇಸ್ಟ್ ಅಲ್ವಾ? ಎಂತ ಬೇಕಾದರೂ ಮಾಡು. ನನ್ನದು ಸಣ್ಣ ಆದರೆ ಸಾಕು."

ಮೊದಲು ಇಡೀ ಫೈಲಿನ ಒಂದು ಪ್ರತಿ ತೆಗೆದಿಟ್ಟೆ. ಆಮೇಲೆ ಅವರ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿದೆ. ಟಿಕ್ ತೆಗೆದೆ, ಚಿತ್ರಗಳನ್ನು ಪರದೆಗೆ ಸಾಕಾಗುವಷ್ಟಕ್ಕೆ ಇಳಿಸಿದೆ, ಕತ್ತರಿಸಿದ್ದನ್ನು ಅಳಿಸಿದೆ. ನೂರ ಎಪ್ಪತ್ತೆರಡು ಇದ್ದದ್ದು ನಾಲ್ಕೂವರೆಗೆ ಬಂತು. ಶುಕ್ರವಾರ ಬಂದು ಪ್ರಿಂಟು ನೋಡಿ, ಇಲ್ಲಿಂದಲೇ ಕಳಿಸುತ್ತೇನೆ ಎಂದು ಮಾಸ್ಟ್ರು ಹಗುರಾಗಿ ಮೆಟ್ಟಿಲಿಳಿದರು.

ಮರುದಿನ ಬೆಳಿಗ್ಗೆ ಸುಗಂಧಿಯಕ್ಕನನ್ನು ಕರೆಸಿದೆ. ಅವರಿಗಾಗಿ ಆರು ಫೋಟೋ ಆರಿಸಿ, ನನ್ನ ಸಿಟ್ಟನ್ನೂ ಅದರಲ್ಲೇ ತೀರಿಸಿಕೊಂಡಿದ್ದೆ. ಆರರಲ್ಲಿಯೂ ದಂಡೆಯನ್ನು ಕತ್ತರಿಸಿ ಮಾಸ್ಟ್ರನ್ನು ಹೊರಗೆ ಹಾಕಿದ್ದೆ. ಸುಗಂಧಿಯಕ್ಕ ಪರದೆಯ ಹತ್ತಿರ ಮುಖ ತಂದು ತಮ್ಮನ್ನೇ ತಾವು ತುಂಬಾ ಹೊತ್ತು ನೋಡಿದರು. ಕಣ್ಣು ಒರೆಸಿಕೊಂಡರು.

"ಮಾಸ್ಟ್ರು ಎಲ್ಲಿ?" ಎಂದು ಕೇಳಿದರು.

"ಕತ್ತರಿಸಿದೆ. ಅವರು ನಿಮ್ಮನ್ನು ಕತ್ತರಿಸಿದ್ದರಲ್ಲ."

"ಅವರನ್ನು ಹಾಕು ಮಗಾ. ಅವರು ಸೀಟಿ ಊದದಿದ್ದರೆ ಒಂದು ಮಗುವೂ ನೀರು ಬಿಟ್ಟು ಬರ್ತಿರಲಿಲ್ಲ. ವಿಚಾರಿಸಲಿಕ್ಕೆ ಯಾರದ್ದಾದರೂ ನಂಬರ್ ಕೊಡಬೇಕು ಅಂತ ಉಂಟಲ್ಲ, ಅಲ್ಲಿ ಅವರದ್ದೇ ಬರೆ."

ಬೇಡ ಎಂದೆ. ಕೇಳಲಿಲ್ಲ. ಅವರ ಅರ್ಜಿಗೆ ಮಿತಿ ಎರಡೇ ಎಂಬಿ. ಮಾಸ್ಟ್ರು ಫೋಟೋದೊಳಗೆ ವಾಪಸ್ ಬಂದ ಕೂಡಲೇ ಫೈಲು ಎರಡನ್ನು ದಾಟಿತು. ಕೊನೆಗೆ ಆರೂ ಫೋಟೋಗಳಲ್ಲಿ ಮೇಲಿನ ಆಕಾಶ ಕತ್ತರಿಸಿ, ಅಳಿಸಿ, ಇಬ್ಬರನ್ನೂ ಒಳಗೆ ಕೂರಿಸಿ ಕಳಿಸಿದೆ. ಆಕಾಶಕ್ಕೆ ಯಾವ ಪ್ರಶಸ್ತಿಯೂ ಬೇಕಾಗಿರಲಿಲ್ಲ.

ಶುಕ್ರವಾರ ನಾಲ್ಕು ಗಂಟೆಗೆ ಮಾಸ್ಟ್ರು ಬಂದರು. ಪ್ರಿಂಟು ನೋಡುತ್ತಿದ್ದಾಗ ಅವರ ಫೋನು ರಿಂಗಾಯಿತು. ಕಿವಿ ಸ್ವಲ್ಪ ಮಂದವಾದ್ದರಿಂದ ಅವರು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು.

"ಭೋಜ ಮಾಸ್ಟ್ರಲ್ವಾ? ನಾನು ಶೇಖರ, ಕಾರ್ಕಳದ ಈಜುಕೊಳದಿಂದ. ಸುಗಂಧಿ ಎನ್ನುವವರು ನಿಮ್ಮ ನಂಬರ್ ಕೊಟ್ಟಿದ್ದಾರೆ. ಹದಿನೆಂಟು ವರ್ಷ ಈಜು ಕಲಿಸಿದ್ದೇನೆ ಅಂತ ಬರೆದಿದ್ದಾರೆ. ಫೋಟೋದಲ್ಲಿ ನೀವೂ ಇದ್ದೀರಿ. ಹೌದಾ ಸಾರ್, ಅವರೇ ಕಲಿಸಿದ್ದಾ?"

ಮಾಸ್ಟ್ರು ನನ್ನ ಕಡೆ ನೋಡಿದರು. ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ. ಅದರಲ್ಲಿ ಸುಗಂಧಿಯಕ್ಕನ ಅರ್ಜಿಯ ಮೊದಲ ಫೋಟೋ ಇತ್ತು. ನೀರಿನಲ್ಲಿ ಅವರು, ದಂಡೆಯಲ್ಲಿ ಇವರು, ನಡುವೆ ಮಗು.

"ಅವಳೇ," ಎಂದರು ಮಾಸ್ಟ್ರು. ಸ್ವಲ್ಪ ತಡೆದು, "ನಾನು ಹೇಳಿಕೊಟ್ಟ ಹಾಗೆ," ಎಂದು ಸೇರಿಸಿದರು.

"ನೀವೂ ನೀರಿಗೆ ಇಳಿಯುತ್ತಿದ್ದಿರಾ ಸಾರ್? ಯಾಕೆ ಕೇಳಿದೆ ಅಂದರೆ, ನಮಗೆ ಒಬ್ಬರೇ ನೀರಿನಲ್ಲಿ ನಿಂತು ಎಲ್ಲ ಮಕ್ಕಳನ್ನೂ ನೋಡಿಕೊಳ್ಳುವವರು ಬೇಕು."

ಕೆಳಗೆ ಉಡುಪಿ ಬಸ್ಸು ಹಾರ್ನ್ ಹಾಕಿ ಹೋಯಿತು. ಮಾಸ್ಟ್ರು ಫೋಟೋದಲ್ಲಿನ ತಮ್ಮ ಬಿಳಿ ಪ್ಯಾಂಟನ್ನೇ ನೋಡುತ್ತಿದ್ದರು.

"ಇಲ್ಲ," ಎಂದರು. "ನನಗೆ ಈಜಲಿಕ್ಕೆ ಬರುವುದಿಲ್ಲ."

ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವರ ಬಾಯಿಂದ ಕೇಳಿದವಳು ನಾನೊಬ್ಬಳೇ, ಮತ್ತೆ ಕಾರ್ಕಳದ ಶೇಖರ. ಆತ ಥ್ಯಾಂಕ್ಸ್ ಸಾರ್, ಒಂದನೇ ತಾರೀಕಿನಿಂದಲೇ ಬರಲಿಕ್ಕೆ ಹೇಳುತ್ತೇವೆ ಎಂದು ಫೋನಿಟ್ಟ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರನ್ನು ನೋಡಿ ಪಾಪ ಅನಿಸಿತು, ಹಾಗೆ ಅನಿಸಿದ್ದಕ್ಕೆ ನನ್ನ ಮೇಲೆಯೇ ಸ್ವಲ್ಪ ರೇಗಿತು.

ಗಂಟೆ ನಾಲ್ಕು ಮುಕ್ಕಾಲು. "ಫೈಲು ಕಳಿಸಲಾ ಮಾಸ್ಟ್ರೆ?" ಎಂದು ಕೇಳಿದೆ.

"ನಿಲ್ಲು. ಆ ಫೋಟೋ ಇದಕ್ಕೂ ಹಾಕಲಿಕ್ಕೆ ಆಗ್ತದಾ? ಇಡೀ ಫೋಟೋ."

"ಇಪ್ಪತ್ತೆರಡನ್ನೂ ಇಡೀ ಹಾಕಿದರೆ ಐದು ದಾಟ್ತದೆ."

"ಎಲ್ಲ ಬೇಡ. ಒಂದು ಸಾಕು." ಹದಿನೆಂಟು ವರ್ಷಕ್ಕೆ ಒಂದು ಫೋಟೋ. ಆದರೂ ಹಾಕಿದೆ. ಅಡಿಬರಹ ಹೇಳಿ ಎಂದೆ.

"ಸಹಾಯಕಿಯೊಂದಿಗೆ ಶ್ರೀ ಭೋಜ ಮಾಸ್ಟರ್," ಎಂದರು.

ನಾನು ಟೈಪು ಮಾಡಿದ್ದು ಬೇರೆ. ‘ಮಕ್ಕಳಿಗೆ ಈಜು ಕಲಿಸುತ್ತಿರುವ ಸುಗಂಧಿ. ದಂಡೆಯಲ್ಲಿ ಶ್ರೀ ಭೋಜ.’ ಅವರು ಬಗ್ಗಿ ಒಂದೊಂದೇ ಅಕ್ಷರ ಓದಿದರು. ಬೈಯುತ್ತಾರೆ ಎಂದು ಕಾದೆ. ಅವರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿ, ಮತ್ತೆ ಹಾಕಿಕೊಂಡರು.

"ಅವಳ ಹೆಸರಿನ ಮುಂದೆ ಟೀಚರ್ ಅಂತ ಹಾಕು," ಎಂದರು. "ಜಾಗ ಹೆಚ್ಚು ಬೇಕಾಗ್ತದಾ?"

"ಅಕ್ಷರಕ್ಕೆ ಜಾಗ ಬೇಡ ಮಾಸ್ಟ್ರೆ," ಎಂದೆ. ಸುಗಂಧಿ ಟೀಚರ್ ಎಂದು ಬರೆದು ಉಳಿಸಿದೆ. ಫೈಲು ಒಂದಿಷ್ಟೂ ಏರಲಿಲ್ಲ.