ತೊಂಬತ್ತು ದಿನ

ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಹದಿನಾರು ವರ್ಷ ದುಡಿದು, ಮೂವತ್ತೊಂಬತ್ತಕ್ಕೆ ಲಾ ಕಾಲೇಜು ಸೇರಿದ ಹೆಂಗಸನ್ನು ವಕೀಲರ ಆಫೀಸಿನ ಪಡ್ಡೆಗಳು ‘ಟೆಸ್ಟ್‌ಟ್ಯೂಬ್’ ಎಂದು ಕರೆಯುತ್ತಿದ್ದರು. ಅವಳ ಸೀನಿಯರ್ ಅವಳಿಗಿಂತ ಆರು ವರ್ಷ ಚಿಕ್ಕವನು. ಅದನ್ನೆಲ್ಲ ಅವಳು ನುಂಗಿಕೊಂಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಕೇಸು, ಅಕ್ಕನದು.

ಇಪ್ಪತ್ತೆರಡು ವರ್ಷ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿದ್ದ ಅಕ್ಕನನ್ನು ಕಾರ್ಖಾನೆ ಒಂದು ಚೀಟಿ ಕೊಟ್ಟು ಮನೆಗೆ ಕಳಿಸಿತ್ತು. ನಿವೃತ್ತಿಗೆ ಇನ್ನು ಎರಡೇ ವರ್ಷ. ತಂಗಿಯ ಕರಿ ಕೋಟನ್ನು ಹೊಲಿದವಳೂ ಆ ಅಕ್ಕನೇ.

ಅಕ್ಕನ ಕೇಸು ಕೂಗಿದ ದಿನ ಸೀನಿಯರ್ ಬೇರೆ ಕೋರ್ಟಿನಲ್ಲಿದ್ದ. “ಮುಂದಿನ ತಾರೀಕು ಕೇಳ್ಕೊಂಡು ಬನ್ನಿ, ಸಾಕು” ಎಂದಿದ್ದ. ಅವಳು ಕೇಳಿದಳು. ನ್ಯಾಯಾಧೀಶರು ತಲೆ ಎತ್ತದೆ, ಪೆನ್ನು ಹಿಡಿದುಕೊಂಡೇ, “ಅರ್ಜಿ ಗಡುವಿನೊಳಗೆ ಹಾಕಿದೀರಿ ತಾನೆ?” ಎಂದರು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಎದುರು ವಕೀಲ ಮೊಬೈಲಿನಲ್ಲಿ ಮುಳುಗಿದ್ದ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಲ್ಯಾಬಿನಲ್ಲಿ ಮತ್ತೊಮ್ಮೆ ಎಣಿಸದೆ ಅವಳು ಯಾವ ವರದಿಗೂ ಸಹಿ ಹಾಕಿದವಳಲ್ಲ. ತನ್ನ ತಪ್ಪು ಕಂಡರೆ ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುವುದು ಅಲ್ಲಿನ ಪದ್ಧತಿ. ನಿಂತಲ್ಲೇ ಬೆರಳು ಮಡಿಸಿದಳು. ಅಕ್ಕನ ಕೈಗೆ ಚೀಟಿ ಬಂದದ್ದು ಜುಲೈ ಒಂದಕ್ಕೆ. ಸೀನಿಯರ್ ಮೂರು ತಿಂಗಳು ಲೆಕ್ಕ ಹಿಡಿದು ಅಕ್ಟೋಬರ್ ಒಂದಕ್ಕೆ ಅರ್ಜಿ ಹಾಕಿದ್ದ. ಕಾನೂನು ಹೇಳುವುದು ತೊಂಬತ್ತು ದಿನ.

“ಇಲ್ಲ ಸ್ವಾಮಿ, ಎರಡು ದಿನ ತಡವಾಗಿದೆ.”

ಮಾತು ಆಡಿದರೆ ಹೋಯಿತು. ಎದುರು ವಕೀಲನ ಮೊಬೈಲು ಜೇಬು ಸೇರಿತು, ಅವನು ಎದ್ದು ನಿಂತ.

“ತಡ ಮನ್ನಿಸಿ ಅಂತ ಅರ್ಜಿ ಇದೆಯಾ?” ಎಂದರು ನ್ಯಾಯಾಧೀಶರು.

“ಇಲ್ಲ.”

ಅದನ್ನು ಹಾಕಲು ಕಾಲಾವಕಾಶ ಕೊಡಿ ಎಂದು ಕೇಳಬಹುದಿತ್ತು. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಅವಳಿಗೆ ಹತ್ತಕ್ಕೆ ಒಂಬತ್ತು ಬಂದಿತ್ತು! ಈಗ ನಾಲಿಗೆ ಹೊರಳಲಿಲ್ಲ. ಪೆನ್ನು ಎರಡು ಸಾಲು ಬರೆಯಿತು. ಅರ್ಜಿ ವಜಾ.

“ನೀವು ಬಾಯಿ ಮುಚ್ಕೊಂಡಿದ್ರೆ ನಾಳೆನೇ ಸರಿ ಮಾಡ್ತಿದ್ದೆನಲ್ರೀ!” ಎಂದು ಸೀನಿಯರ್ ಕೂಗಾಡಿದ. ಆಮೇಲೆ ತನ್ನದೇ ತಪ್ಪು ನೆನಪಾಗಿ ದನಿ ತಗ್ಗಿಸಿದ. “ಮೇಲಿನ ಕೋರ್ಟಿಗೆ ಹೋದ್ರೆ ಐದಾರು ವರ್ಷ ಹಿಡಿಯುತ್ತೆ.” ಅಷ್ಟು ಹೊತ್ತಿಗೆ ಅಕ್ಕನಿಗೆ ಯಾವ ಕೆಲಸ, ಯಾವ ಕಾರ್ಖಾನೆ?

ಮನೆಯಲ್ಲಿ ಅವಳು ಒಂದಕ್ಷರ ಬಿಡದೆ ಹೇಳಿದಳು. ಅಕ್ಕ ಕೊನೆಯವರೆಗೂ ಕೇಳಿಸಿಕೊಂಡಳು.

“ಬೇರೆ ಯಾರೂ ಗಮನಿಸಿರ್ಲಿಲ್ವಾ?”

“ಇಲ್ಲ ಅಕ್ಕಾ.”

“ನೀನೊಬ್ಳೇ ಹೇಳಿದ್ದು.”

“ಹೂಂ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಕ್ಕ ಬೈಯಲಿಲ್ಲ. ಕುರ್ಚಿಯ ಮೇಲೆ ಬಿದ್ದಿದ್ದ ಕೋಟನ್ನು ಎತ್ತಿ, ಸಡಿಲವಾಗಿದ್ದ ಗುಂಡಿಯೊಂದನ್ನು ಬೆರಳಿನಿಂದ ಮುಟ್ಟಿ ನೋಡಿ, ಸೂಜಿ ದಾರ ತರದೆ ಹಾಗೇ ಮೊಳೆಗೆ ನೇತುಹಾಕಿದಳು.

“ನೀನು ಲ್ಯಾಬಲ್ಲೇ ಇರ್ಬೇಕಿತ್ತು ಕಣೇ,” ಎಂದಳು. “ಆಗ ನಾನು ಬೇರೆ ಲಾಯರನ್ನ ಹುಡುಕ್ಕೋತಿದ್ದೆ.”