ಕರೆ ಬೇಡವೆನ್ನಲು ಕಾರಣ

ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಕೋಣೆ ನೀರೊಳಗೆ ಮುಳುಗಿದಂತಿರುತ್ತದೆ. ಕಿಟಕಿಗೆ ಪರದೆ ಎಳೆದಿರುತ್ತಾರೆ, ಫ್ಯಾನು ತೂಕಡಿಸುತ್ತಾ ತಿರುಗುತ್ತದೆ, ಸಾಲಾಗಿ ಕೂತ ಹೆಂಗಸರು ಹೆಡ್‌ಫೋನು ಸಿಕ್ಕಿಸಿಕೊಂಡು ಫೋನಿನಲ್ಲಿ ಯಾರ್ಯಾರಿಗೋ ಹಾಸಿಗೆಯ ಗುಣಗಾನ ಮಾಡುತ್ತಿರುತ್ತಾರೆ. ಎಲ್ಲರ ಮಾತೂ ಕಲೆತು ಒಂದೇ ಜೋಗುಳವಾಗುತ್ತದೆ. ನಿದ್ದೆ ಮಾರುವವರು ಮಾತ್ರ ನಿದ್ದೆ ಮಾಡುವಂತಿಲ್ಲ. ಇದೆಂಥ ನ್ಯಾಯ!

ನಂಬರು ಒತ್ತುವುದು ನಾವಲ್ಲ, ಯಂತ್ರ. ಅದು ಯಾರನ್ನು ಹಿಡಿದುಕೊಟ್ಟರೂ ಅವರೊಡನೆ ಅಂಗಡಿ ದನಿಯಲ್ಲಿ ಮಾತಾಡಬೇಕು. ಅಂಗಡಿ ದನಿ ಎಂದರೆ ತರಬೇತಿಯಲ್ಲಿ ಕಲಿಸಿದ, ಸಕ್ಕರೆ ಸವರಿದ ದನಿ. ಒಮ್ಮೆ ನನ್ನ ಗಂಡನೇ ಅದನ್ನು ಕೇಳಿ ಯಾರೋ ಎಂದುಕೊಂಡಿದ್ದ.

ಆ ಯಂತ್ರ ಆಗಾಗ ನನ್ನ ಪಾಲಿಗೆ ಅಕ್ಕನ ನಂಬರು ತಂದಿಡುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಅವಳ ಹೊಲಿಗೆ ಮೆಷಿನ್ನು ಯಾರಿಗೆ ಎಂದು ಮಾತಿಗೆ ಮಾತು ಬೆಳೆದು, ಅಕ್ಕನೂ ನಾನೂ ಮಾತು ಬಿಟ್ಟಿದ್ದೆವು. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಅವಳೇ ಮೊದಲು ಫೋನು ಮಾಡಲಿ ಎಂದು ನಾನು, ಇವಳೇ ಮಾಡಲಿ ಎಂದು ಅವಳು. ಯಂತ್ರಕ್ಕೆ ಬಿಗುಮಾನವಿಲ್ಲವಲ್ಲ! ಅದು ಒತ್ತುತ್ತಿತ್ತು, ನಾನು ಹಾಸಿಗೆ ಹೊಗಳುತ್ತಿದ್ದೆ, ಅಕ್ಕ ಕೊನೆಯವರೆಗೂ ಕೇಳಿ "ಬೇಡಮ್ಮ" ಎಂದು ಇಡುತ್ತಿದ್ದಳು. ಅಷ್ಟು ಕೇಳುವುದಕ್ಕೇ ನಾನು ಕೆಲಸಕ್ಕೆ ಬರುತ್ತಿದ್ದೆ ಎಂದರೂ ಸುಳ್ಳಲ್ಲ. ಅವಳ ಹಿಂದೆ ಕುಕ್ಕರು ಕೂಗುವಾಗ ಕಣ್ಣು ಮುಚ್ಚಿದರೆ ಸಾಕು, ನಾನು ಅವಳ ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದೆ.

ಆ ದಿನ ಅಕ್ಕ ಬೇಡಮ್ಮ ಎನ್ನಲಿಲ್ಲ. "ನನ್ನ ನಂಬರ್ ತೆಗೆದುಹಾಕಿ. ಇನ್ಮೇಲೆ ಈ ಕರೆ ನಂಗೆ ಬರಬಾರದು," ಎಂದಳು.

ಹಾಗೆ ಕೇಳಿದವರ ನಂಬರು ತೆಗೆಯಲೇಬೇಕು. ತೆಗೆದರೆ ಯಂತ್ರ ಅದನ್ನು ಮತ್ತೆಂದೂ ಒತ್ತುವುದಿಲ್ಲ, ನನಗೆ ಅಕ್ಕನ ದನಿಯೂ ಇಲ್ಲ. ಕೇಳಿಸದವಳಂತೆ, "ಮೇಡಂ, ಈ ವಾರ ದಿಂಬು ಉಚಿತ..." ಎಂದೆ.

"ಕೇಳಿಸ್ತಲ್ಲ? ತೆಗೀರಿ."

ನಮ್ಮ ಕರೆಗಳಿಗೆ ಕಿವಿಗೊಡುವ, ನಾವು ಗೂಬೆ ಎಂದು ಕರೆಯುವ ಮೇಲ್ವಿಚಾರಕ ಅಷ್ಟರಲ್ಲಿ ಬೆನ್ನ ಹಿಂದೆ ಬಂದು ನಿಂತಿದ್ದ. ಕಾರಣ ಕೇಳು ಎಂದು ಸನ್ನೆ ಮಾಡಿದ. ನಮ್ಮಲ್ಲಿ ಹಾಗೊಂದು ಪದ್ಧತಿ. ಬೇಡವೆಂದವರ ಕಾರಣವನ್ನು ಅವರದೇ ಮಾತಿನಲ್ಲಿ ಟೈಪು ಮಾಡಿ, ಗಟ್ಟಿಯಾಗಿ ಓದಿ ಹೇಳಿ, ಅವರು ಸರಿ ಎಂದ ಮೇಲೆಯೇ ನಂಬರು ತೆಗೆಯುವ ಗುಂಡಿ ಒತ್ತಬೇಕು.

"ಕಾರಣ ಹೇಳ್ತೀರಾ, ಮೇಡಂ?"

"ಬರ್ಕೊಳ್ಳಿ. ಫೋನ್ ಮಾಡೋಳು ನನ್ನ ತಂಗಿ. ಹಾಸಿಗೆ ಮಾರೋದಕ್ಕೆ ಬಿಟ್ರೆ ಬೇರೆ ಯಾವುದಕ್ಕೂ ಅವಳು ನಂಗೆ ಫೋನ್ ಮಾಡಲ್ಲ."

ಬೆರಳುಗಳು ಹೇಗೋ ಟೈಪು ಮಾಡಿದವು. ಗೂಬೆ ಕದಲಲಿಲ್ಲ. ನಾನು ಓದತೊಡಗಿದೆ: "ಫೋನ್ ಮಾಡೋಳು ನನ್ನ ತಂಗಿ..." ಅಲ್ಲಿಗೆ ಅಂಗಡಿ ದನಿ ಕೈಕೊಟ್ಟಿತು. ಉಳಿದದ್ದನ್ನು ನನ್ನ ಸ್ವಂತ ಒಡಕು ದನಿಯಲ್ಲೇ ಓದಿ ಮುಗಿಸಿದೆ.

"ಸರಿನಾ... ಮೇಡಂ?"

"ಸರಿ. ಮೊದಲನೇ ಸಲವೇ ಗೊತ್ತಾಯ್ತು ಕಣೇ ನಂಗೆ. ತೆಗಿ ಈಗ. ತೆಗೆದು, ನಿನ್ನ ಫೋನಿಂದ ಮಾಡು."

ಗುಂಡಿ ಒತ್ತಿದೆ. ನಂಬರು ಮಾಯವಾಯಿತು. ಹೆಡ್‌ಫೋನು ಕಿತ್ತಿಟ್ಟು, ಗೂಬೆ "ಎಲ್ಲಿಗೆ?" ಎನ್ನುವುದರೊಳಗೆ ಮೆಟ್ಟಿಲಿಗೆ ಬಂದು ಫೋನು ಮಾಡಿದೆ. ಅರ್ಧ ರಿಂಗಿಗೇ ಎತ್ತಿದಳು. "ಅಕ್ಕಾ" ಎನ್ನುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು.

"ಅಳು," ಎಂದಳು ಅಕ್ಕ. "ನಾನು ಇಡಲ್ಲ."