ಗೊಂಬೆ ಸೈಕಲ್ಲಿಗೆ ಕೆಂಪು ಪಟ್ಟಿ

ಒಂದು ವರ್ಷದಿಂದ ಏಕನಾಥ ಬಸವಲಿಂಗಪ್ಪನವರ ಬೆನ್ನು ಹತ್ತಿದ್ದ. ಫರೀದಾಬಾದಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಇವನು ಸೇಫ್ಟಿ ಆಫೀಸರ್, ಅವರು ಟೂಲ್ ರೂಮಿನ ಫೋರ್‌ಮನ್. ಇಡೀ ಕಾರ್ಖಾನೆಯಲ್ಲಿ ಕನ್ನಡದಲ್ಲಿ ಜಗಳವಾಡಬಲ್ಲವರು ಇವರಿಬ್ಬರೇ ಆದ್ದರಿಂದ ಆ ಸುಖವನ್ನು ಇಬ್ಬರೂ ಬಿಟ್ಟುಕೊಡುತ್ತಿರಲಿಲ್ಲ. ಜಗಳಕ್ಕೆ ವಿಷಯ ಒಂದೇ, ಬಸವಲಿಂಗಪ್ಪನವರ ಹಳೇ ಸೈಕಲ್ಲು. ಅದಕ್ಕೆ ರಿಫ್ಲೆಕ್ಟರ್ ಇರಲಿಲ್ಲ.

“ಹಿಂದೆ ಕೆಂಪು, ಮುಂದೆ ಬಿಳಿ, ಪೆಡಲ್ಲಿಗೆ ಹಳದಿ. ಇಷ್ಟಿಲ್ಲದೆ ಕತ್ತಲಲ್ಲಿ ರಸ್ತೆಗೆ ಇಳೀಬಾರದು. ಇದು ಕಾನೂನು, ನನ್ನ ಮಾತಲ್ಲ,” ಎನ್ನುತ್ತಿದ್ದ ಏಕನಾಥ.

“ನನ್ನ ಸೈಕಲ್ಲೇನು ಮದುಮಗಳೇನ್ರಿ, ಹಣಿಗೆ ಕೆಂಪು ಬೊಟ್ಟು ಇಡ್ಲಿಕ್ಕೆ? ಕಣ್ಣು ಕಾರಿನವಗ ಇರಬೇಕು. ನಿಮ್ಮ ಕಾನೂನು ಅವಗ ಹೇಳ್ರಿ,” ಎನ್ನುತ್ತಿದ್ದರು ಬಸವಲಿಂಗಪ್ಪನವರು. ಕಲಬುರಗಿಯವರು, ಮಾತಿನಲ್ಲಿ ಸೋತವರಲ್ಲ.

ಆದರೆ ಕಾನೂನು ಮಾಡಲಾಗದ ಕೆಲಸವನ್ನು ಒಂದು ಲಾರಿ ಮಾಡಿತು. ಮಳೆಗಾಲ ಮುಗಿಯುತ್ತಿದ್ದ ಒಂದು ಸಂಜೆ ಬಲ್ಲಭಗಢದ ರಸ್ತೆಯಲ್ಲಿ ಅದು ಅವರ ಅಂಗಿಯ ತೋಳನ್ನು ಸವರಿಕೊಂಡು ಹೋಯಿತು. ಮರುದಿನ ಅವರು ಏಕನಾಥನ ಮೇಜಿನ ಮುಂದೆ ಬಂದು ನಿಂತರು. “ಸೋತೆ ನೋಡ್ರಿ. ಕೊಡ್ರಿ ನಿಮ್ಮ ಬೊಟ್ಟು.”

ಏಕನಾಥನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸೈಕಲ್ಲಿನಲ್ಲಿ ಬರುವ ಎಲ್ಲ ಕೆಲಸಗಾರರಿಗೂ ಆಗುವಂತೆ ಹೊಳೆಯುವ ಟೇಪಿನ ಒಂದು ಪೆಟ್ಟಿಗೆಯನ್ನೇ ಮ್ಯಾನೇಜರ್ ಕಡೆಯಿಂದ ಮಂಜೂರು ಮಾಡಿಸಿಕೊಂಡ. ಬಂದದ್ದನ್ನು ಯಾರಿಗೂ ತೋರಿಸದೆ ಮನೆಗೆ ತಂದು ಹೆಂಡತಿ ಜಲಜಾಳ ಮುಂದಿಟ್ಟ. “ಬೆರಳುದ್ದದ ಪಟ್ಟಿ ಕತ್ತರಿಸಿಕೊಡು. ಕತ್ತರಿ ಕೆಲಸ ನಿನಗೇ ಸರಿ. ಹಬ್ಬಕ್ಕೆ ಮುಂಚೆ ಹಂಚಿಬಿಡ್ತೀನಿ.”

ಪೆಟ್ಟಿಗೆ ಬಂದ ಹೊತ್ತು ಚೆನ್ನಾಗಿರಲಿಲ್ಲ. ಎರಡು ದಿನಕ್ಕೆ ನವರಾತ್ರಿ. ಮೈಸೂರು ಕಡೆಯ ಹೆಂಗಸಿಗೆ ನವರಾತ್ರಿ ಹತ್ತಿರ ಬಂದರೆ ಗೊಂಬೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದರ ಮೇಲೆ ಕನ್ನಡ ಸಂಘದವರು ಮನೆಮನೆಗೆ ಬಂದು ಗೊಂಬೆ ನೋಡಿ ಬಹುಮಾನ ಕೊಡುತ್ತಿದ್ದರು. ಮೂರು ವರ್ಷದಿಂದ ಆ ಬಹುಮಾನ ದಿಲ್ಲಿಯ ಪೀತಮ್‌ಪುರಾದ ಸಂಯುಕ್ತಾಳ ಮನೆಯ ಷೋಕೇಸಿಗೆ ಹೋಗುತ್ತಿತ್ತು. ಈ ಸಲ ಜಲಜಾ ಗಂಡನ ಕೆಲಸದಿಂದಲೇ ವಿಷಯ ಆರಿಸಿಕೊಂಡಿದ್ದಳು: ರಸ್ತೆ ಸುರಕ್ಷತೆ. ಕಪ್ಪು ಬಟ್ಟೆಯ ರಸ್ತೆ ಹಾಸಿ, ತಂತಿಯಲ್ಲಿ ಪುಟ್ಟ ಪುಟ್ಟ ಸೈಕಲ್ಲುಗಳನ್ನು ಬಾಗಿಸಿ, ಅವುಗಳ ಮೇಲೆ ಚನ್ನಪಟ್ಟಣದ ಗೊಂಬೆಗಳನ್ನು ಕೂರಿಸಿದ್ದಳು. ಎಲ್ಲ ಇತ್ತು, ಕಳೆಯೊಂದು ಇರಲಿಲ್ಲ.

ಮೊದಲು ಒಂದೇ ಒಂದು ಸೈಕಲ್ಲಿಗೆ ಗಂಡ ತಂದ ಟೇಪು ಹಚ್ಚಿ ನೋಡಿದಳು. ಮಗಳು ಕೃತಿ ಮೊಬೈಲಿನ ಟಾರ್ಚ್ ಬಿಟ್ಟು, ಪಟ್ಟಿ ಫಳಫಳ ಹೊಳೆದದ್ದು ಕಂಡು, “ಅಮ್ಮಾ, ಕಿತ್ನಾ ಚಮಕ್ ರಹಾ ಹೈ! ಎಲ್ಲಾದಕ್ಕೂ ಹಾಕು ನಾ!” ಎಂದು ಕುಣಿದಳು. ಎಲ್ಲ ಸೈಕಲ್ಲಿಗೂ ಬಿತ್ತು. ಆಮೇಲೆ ರಸ್ತೆಯ ನಡುವಿನ ಗೆರೆಗೆ ಬಿಳಿ ಟೇಪು, ಮೆಟ್ಟಿಲುಗಳ ಅಂಚಿಗೆಲ್ಲ ಕೆಂಪು ಟೇಪು. ಪೆಟ್ಟಿಗೆಯ ತಳ ಕಂಡಾಗ ಜಲಜಾಳಿಗೆ ಗಂಡ ಹೇಳಿದ್ದು ನೆನಪಾಯಿತು. ಕೈ ಮಾತ್ರ ನಿಲ್ಲಲಿಲ್ಲ.

ಏಕನಾಥ ಬಂದವನು ಮೊದಲು ಕೂಗಾಡಿದ. ಆಮೇಲೆ ಕೃತಿ ದೀಪ ಆರಿಸಿ ಟಾರ್ಚ್ ಬಿಟ್ಟಳು. ಇಡೀ ಗೊಂಬೆ ರಸ್ತೆ ಧಗ್ಗೆಂದಿತು. ಅವನ ಮುಖವೂ ಅರಳಿತು. “ಅಚ್ಛಾ, ಇರ್ಲಿ ಬಿಡು. ಹಬ್ಬ ಮುಗಿದ ಮೇಲೆ ಇನ್ನೊಂದು ಪೆಟ್ಟಿಗೆ ತರಿಸಿದರಾಯ್ತು,” ಎಂದ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂಬ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಹಬ್ಬದ ನಾಲ್ಕನೆಯ ಸಂಜೆ ಬಸವಲಿಂಗಪ್ಪನವರು ಗೊಂಬೆ ನೋಡಲು ಬಂದರು. ಅವರ ಕಡೆ ಗೊಂಬೆ ಕೂರಿಸುವ ಪದ್ಧತಿಯಿಲ್ಲ. ಕಡಲೆ ಉಸಲಿಯ ಆಸೆಗೆ ಪ್ರತಿ ವರ್ಷ ತಪ್ಪದೆ ಬರುತ್ತಿದ್ದರು. ಜಲಜಾ ಅಡುಗೆಮನೆಯಿಂದ ಉಸಲಿ ತರುತ್ತಿದ್ದಳು. ಅಷ್ಟರಲ್ಲಿ ಅವರ ದನಿ ಕೇಳಿಸಿತು.

“ಏಕನಾಥರೇ, ಟೇಪು ಬಂತೇನ್ರಿ? ಈಗ ಲಗೂನೇ ಕತ್ತಲಾಗ್ಲಿಕತ್ತದ.”

“ಇಲ್ಲ ಸಾರ್, ಇನ್ನೂ ಬಂದಿಲ್ಲ,” ಎಂದ ಏಕನಾಥ.

ಜಲಜಾ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಬಸವಲಿಂಗಪ್ಪನವರು ಗೊಂಬೆಗಳ ಮುಂದೆ ಬಗ್ಗಿದ್ದರು. ಒಂದು ಪುಟ್ಟ ಸೈಕಲ್ಲಿನ ಹಿಂದಿನ ಕೆಂಪು ಪಟ್ಟಿಯನ್ನು ಬೆರಳಿನಿಂದ ಸವರಿದರು. ಮೆಟ್ಟಿಲ ಅಂಚನ್ನೂ ನೋಡಿದರು. ಅವರ ಬಾಯಿಂದ ಒಂದು ಕುಹಕದ ಮಾತು ಬರಬಹುದೆಂದು ಜಲಜಾ ಕಾದಳು. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಭಾಳ ಛಂದ ಆಗೇದ ತಂಗಿ,” ಎಂದರು. “ದೂರದಿಂದನೂ ಕಾಣಸ್ತಾವ.”

ಉಸಲಿ ತಿಂದು, ಕೃತಿಯ ಕೆನ್ನೆ ತಟ್ಟಿ ಹೊರಟರು. ಜಲಜಾ ಬಾಲ್ಕನಿಗೆ ಓಡಿದಳು. ಗೇಟಿನ ದೀಪ ದಾಟಿ ನಾಲ್ಕು ಮಾರು ಹೋಗುವಷ್ಟರಲ್ಲಿ ಸೈಕಲ್ಲೂ ಕಾಣಲಿಲ್ಲ, ಅವರೂ ಕಾಣಲಿಲ್ಲ.

“ಕಿತ್ತು ಕೊಟ್ಟುಬಿಡ್ಲಾ?” ಎಂದು ಗಂಡನನ್ನು ಕೇಳಿದಳು.

“ಕೂರಿಸಿದ ಗೊಂಬೇನ ದಶಮಿಗೆ ಮುಂಚೆ ಮುಟ್ಟಬಾರದು ಅಂತ ನೀನೇ ಹೇಳ್ತೀಯಲ್ಲ. ನಾಳಿದ್ದು ಸಂಘದವರು ಬರ್ತಾರೆ.”

ಅವಳಿಗೆ ಬೇಕಾಗಿದ್ದ ಉತ್ತರವೂ ಅದೇ.

ಸಂಘದವರು ಬಂದರು, ಹೊಗಳಿದರು, ಹೋದರು. ಮಾರನೆಯ ಸಂಜೆ ವಾಟ್ಸಾಪಿನಲ್ಲಿ ಬಹುಮಾನ ಪ್ರಕಟವಾಯಿತು: ‘ಸಮಾಜಕ್ಕೆ ಎಚ್ಚರ ಹೇಳುವ ಗೊಂಬೆಗಳು, ಜಲಜಾ ಏಕನಾಥ್.’ ಸಂಯುಕ್ತಾ ಕೂಡ ಚಪ್ಪಾಳೆಯ ಚಿತ್ರ ಕಳಿಸಿದ್ದಳು. ಜಲಜಾ ಅದನ್ನು ಎರಡನೇ ಸಲ ನೋಡುತ್ತಿದ್ದಾಗ ಏಕನಾಥನ ಫೋನು ಬಂತು. ಶಿಫ್ಟ್ ಮುಗಿಸಿ ಹೊರಟ ಬಸವಲಿಂಗಪ್ಪನವರಿಗೆ ಹಿಂದಿನಿಂದ ಟೆಂಪೋ ಗುದ್ದಿತ್ತು. ತೊಡೆಯ ಮೂಳೆ ಮುರಿದಿತ್ತು. ಏನೂ ಕಾಣಲೇ ಇಲ್ಲ ಎಂದು ಟೆಂಪೋದವನು ಅಳುತ್ತಿದ್ದನಂತೆ.

ಮರುದಿನ ಗಂಡಹೆಂಡಿರಿಬ್ಬರೂ ಆಸ್ಪತ್ರೆಗೆ ಹೋದರು. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ಜಲಜಾ ತಂದಿದ್ದ ಹಣ್ಣನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಾಗ ಕಾರ್ಖಾನೆಯ ಮ್ಯಾನೇಜರ್ ಬಂದರು. ಹರಿಯಾಣದ ದೊಡ್ಡ ದನಿಯ ಮನುಷ್ಯ. ಮಾತು ಹಿಂದಿಯಲ್ಲಿ ನಡೆಯಿತು.

“ಏಕನಾಥ್, ಟೇಪಿಗೆ ನಾನು ಸಹಿ ಹಾಕಿ ಎಷ್ಟು ದಿನ ಆಯಿತು? ಹಂಚಿಲ್ಲವಾ?”

ಏಕನಾಥ ಬಾಯಿ ತೆರೆದ. ಅವನಿಗಿಂತ ಮೊದಲು ಹಾಸಿಗೆಯಿಂದ ಉತ್ತರ ಬಂತು.

“ಹಂಚಿದ್ದಾರೆ ಸಾಬ್. ನನಗೂ ಕೊಟ್ಟಿದ್ದರು. ನಾನೇ ಹಚ್ಚಲಿಲ್ಲ.”

ಮ್ಯಾನೇಜರ್ ನಂಬಿದರು. ಯಾಕೆ ನಂಬಬಾರದು? ಕೆಂಪು ಬೊಟ್ಟಿನ ಗೇಲಿಯನ್ನು ಕಾರ್ಖಾನೆಯೆಲ್ಲ ವರ್ಷವಿಡೀ ಕೇಳಿತ್ತು. ಅವರು ಸಿಟ್ಟಿನಿಂದ ಕೆಂಪಾದರು. ನಿಮ್ಮ ವಯಸ್ಸಿಗೆ ಬುದ್ಧಿ ಬೇಡವೇ, ಕಾನೂನು ಯಾರ ಜೀವಕ್ಕಾಗಿ ಇರುವುದು, ಕೊಟ್ಟದ್ದನ್ನು ಹಚ್ಚದವರಿಗೆ ಕಂಪನಿ ಯಾಕೆ ಆಸರೆಯಾಗಬೇಕು, ಎಂದು ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಬೈದರು. ಬಸವಲಿಂಗಪ್ಪನವರು ಮಾತಿನಲ್ಲಿ ಸೋತವರಲ್ಲ. ಅವತ್ತು ಕಣ್ಣು ಮುಚ್ಚಿಕೊಂಡು ಕೇಳಿದರು.

“ಇವರಿಗೆ ನೀನು ಎಷ್ಟು ಸಲ ಹೇಳಿದ್ದೆ, ಅಲ್ಲವಾ ಏಕನಾಥ್?”

ಜಲಜಾ ಗಂಡನ ಮುಖ ನೋಡಿದಳು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದುಕೊಂಡಳು.

“ಜೀ ಸರ್,” ಎಂದ ಏಕನಾಥ.

ಅವಳಿಗೆ ಅವನ ಮೇಲೆ ಅಸಹ್ಯವಾಯಿತು. ಪಟ್ಟಿ ಕತ್ತರಿಸಿದ ಕೈ ತನ್ನದೇ ಎಂಬುದು ನೆನಪಾಗಿ ಆ ಅಸಹ್ಯ ಅಲ್ಲಿಂದ ತಿರುಗಿ ತನ್ನ ಮೇಲೇ ಬಿತ್ತು.

“ಸಾಬ್,” ಎಂದಳು ಜಲಜಾ. ತರಕಾರಿ ಭಯ್ಯಾನ ಹತ್ತಿರ ಆಡುವಷ್ಟೇ ಅವಳ ಹಿಂದಿ. “ಟೇಪ್ ಕಿಸೀಕೋ ನಹೀ ದಿಯಾ. ಮೇರೆ ಘರ್ ಮೇ ಹೈ. ಗುಡಿಯಾ ಪೇ ಲಗಾಯಾ.” ಯಾರಿಗೂ ಕೊಡದ ಟೇಪು ತನ್ನ ಮನೆಯ ಗೊಂಬೆಗಳ ಮೇಲಿದೆ ಎಂದು ಬಂದಷ್ಟರಲ್ಲಿ ಹೇಳಿದಳು.

“ಗುಡಿಯಾ? ಯಾವ ಗೊಂಬೆ?” ಮ್ಯಾನೇಜರಿಗೆ ಏನೂ ಅರ್ಥವಾಗಲಿಲ್ಲ.

ನವರಾತ್ರಿಯ ಗೊಂಬೆಯನ್ನು ಹಿಂದಿಯಲ್ಲಿ ಹೇಗೆ ವಿವರಿಸುವುದು? ಅವಳು ಮೊಬೈಲ್ ತೆಗೆದಳು. ಊರಿಗೆಲ್ಲ ಹೆಮ್ಮೆಯಿಂದ ಕಳಿಸಿದ್ದ ಫೋಟೋ, ಕತ್ತಲಲ್ಲಿ ಕೃತಿ ಫ್ಲ್ಯಾಷ್ ಹಾಕಿ ತೆಗೆದದ್ದು. ಮರದ ಗೊಂಬೆಗಳ ಪ್ರತಿಯೊಂದು ಸೈಕಲ್ಲೂ ಹಿಂದೆ ಕೆಂಪಗೆ, ಮುಂದೆ ಬಿಳಿಯಾಗಿ ಉರಿಯುತ್ತಿತ್ತು. ಮ್ಯಾನೇಜರ್ ಬಹಳ ಹೊತ್ತು ನೋಡಿದರು. ಆಮೇಲೆ ಏಕನಾಥನನ್ನು ನೋಡಿದರು. ಅವನು ತಲೆ ತಗ್ಗಿಸಿದ.

“ನಾಳೆ ಬೆಳಿಗ್ಗೆ ನನ್ನ ಕ್ಯಾಬಿನ್ನಿಗೆ ಬಾ,” ಎಂದಷ್ಟೇ ಹೇಳಿ ಹೊರಟುಹೋದರು.

ಹೇಳಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ಜಲಜಾಳಿಗೆ ಹಾಗೇನೂ ಆಗಲಿಲ್ಲ. ಹಾಸಿಗೆಯ ಕಂಬಿ ಹಿಡಿದು ಅತ್ತಳು.

“ಗೊತ್ತಿದ್ದೂ ಯಾಕಣ್ಣಾ ಸುಳ್ಳು ಹೇಳಿದ್ರಿ?”

“ನಿಮ್ಮ ಮನಿ ಉಸಲಿ ತಿಂದೀನಲ್ಲ ತಂಗಿ,” ಎಂದರು ಬಸವಲಿಂಗಪ್ಪನವರು. ಆಮೇಲೆ ಕೈ ಚಾಚಿದರು. “ಕೊಡು ಇಲ್ಲಿ. ಅವತ್ತು ದೀಪ ಇತ್ತು. ಕತ್ತಲಾಗ ಹ್ಯಾಂಗ ಕಾಣಸ್ತದ, ನೋಡಿಲ್ಲ ನಾ.”

ಅವಳು ಮೊಬೈಲನ್ನು ಅವರ ಕೈಗೆ ಕೊಟ್ಟಳು.